ಬೌಲ್ ಆಟ ಬಂತು, ಹೊಸ ಹುಡುಗರ ಮಾತೂ ಬಂತು: ಅಮೆರಿಕದ ಕಾಲೇಜ್ ಫುಟ್‌ಬಾಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂದರೆ ಸಾಕು, ಕೊಲಂಬಸ್‌ನಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆ ಎರಡೇ ಮಾತು. ನಮಗೆ ಯಾವ ಬೌಲ್? ಮುಂದಿನ ವರ್ಷಕ್ಕೆ ಯಾವ ಹುಡುಗರು? ಇಲ್ಲಿಯ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಓದಲು ಬಂದವರು, ಇಲ್ಲಿ ಕೆಲಸಕ್ಕೆ ಸೇರಿದವರು, ಮಕ್ಕಳನ್ನು ನೋಡಲು ಊರಿಂದ ಬಂದ ಅಪ್ಪ ಅಮ್ಮ, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಓಹಾಯೋ ಸ್ಟೇಟ್ ಅಭಿಮಾನಿ, ಹಾಗಾಗಿ ಉದಾಹರಣೆಗಳು ಆ ಕಡೆಯವೇ ಜಾಸ್ತಿ. ಫುಟ್‌ಬಾಲ್ ಅಂದಾಗಲೆಲ್ಲ ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಆಟ ಅಂತಲೇ ತಿಳಿಯಿರಿ.

ಬೌಲ್ ಆಟ ಅಂದರೆ ಫೈನಲ್ಲಾ?

ಅಲ್ಲ. ಹೆಚ್ಚಿನ ಬೌಲ್‌ಗಳು ಫೈನಲ್ಲೂ ಅಲ್ಲ, ಸೆಮಿಫೈನಲ್ಲೂ ಅಲ್ಲ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಒಂದು ತಂಡ 12 ಆಟ ಆಡುತ್ತದೆ. ಅದಾದ ಮೇಲೆ ಚೆನ್ನಾಗಿ ಆಡಿದ ತಂಡಗಳನ್ನು ಬೇರೆ ಊರಿಗೆ ಕರೆದು ಇನ್ನೊಂದು ಆಟ ಆಡಿಸುತ್ತಾರೆ. ಅದೇ ಬೌಲ್. ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ದಿನಗಳವರೆಗೆ ಇಂಥ ಸುಮಾರು 40 ಆಟ ನಡೆಯುತ್ತವೆ.

ಶುರುವಾಗಿದ್ದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ಅಲ್ಲಿ 1890ರಿಂದ ಹೊಸ ವರ್ಷದ ದಿನ ಹೂವಿನ ಮೆರವಣಿಗೆ ಇತ್ತು. ಇನ್ನಷ್ಟು ಜನ ಬರಲಿ ಅಂತ 1902ರ ಜನವರಿ 1ರಂದು ಒಂದು ಫುಟ್‌ಬಾಲ್ ಆಟ ಸೇರಿಸಿದರು. ಮಿಶಿಗನ್ 49, ಸ್ಟ್ಯಾನ್‌ಫರ್ಡ್ 0. ಇಷ್ಟು ಸಪ್ಪೆ ಆಟ ಬೇಡ ಅಂತ ಅದನ್ನು ಕೈಬಿಟ್ಟು ಹಲವು ವರ್ಷ ರಥದ ಓಟ ನಡೆಸಿದರು! 1916ರಲ್ಲಿ ಫುಟ್‌ಬಾಲ್ ಮರಳಿ ಬಂತು, 1922ರಲ್ಲಿ ರೋಸ್ ಬೌಲ್ ಸ್ಟೇಡಿಯಂ ತೆರೆಯಿತು. ಚಳಿಗಾಲದಲ್ಲಿ ಪ್ರವಾಸಿಗಳನ್ನು ಎಳೆಯಲು ಇದು ಒಳ್ಳೆ ದಾರಿ ಅಂತ ಬೆಚ್ಚಗಿನ ಊರುಗಳಿಗೆ ಗೊತ್ತಾಯಿತು. ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್ ಎರಡೂ 1935ರಲ್ಲಿ ಬಂದವು. ಡಲ್ಲಸ್‌ನ ಕಾಟನ್ ಬೌಲ್ 1937ರಲ್ಲಿ.

ನಮ್ಮ ತಂಡಕ್ಕೆ ಬೌಲ್ ಸಿಗುತ್ತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

12ರಲ್ಲಿ 6 ಗೆಲುವು ಬೇಕು. ಅದಕ್ಕೇ ಐದು ಗೆದ್ದು ಆರು ಸೋತ ತಂಡದ ಕೊನೆಯ ಆಟಕ್ಕೆ ಅಷ್ಟೊಂದು ಜೀವ ಇರುತ್ತದೆ. ಆರು ಗೆದ್ದವರ ಸಂಖ್ಯೆ ಸಾಲದೇ ಹೋದರೆ, ಐದು ಗೆದ್ದ ತಂಡಗಳಲ್ಲಿ ಓದಿನ ಸಾಧನೆ ಚೆನ್ನಾಗಿರುವವರನ್ನು ಕರೆಯುತ್ತಾರೆ. ಎಸ್‌ಇಸಿ, ಬಿಗ್ ಟೆನ್, ಬಿಗ್ 12, ಎಸಿಸಿ ಥರದ ಕಾನ್ಫರೆನ್ಸ್‌ಗಳು, ಅಂದರೆ ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುವ ಕಾಲೇಜ್ ತಂಡಗಳ ಗುಂಪುಗಳು, ಕೆಲವು ಬೌಲ್‌ಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿರುತ್ತವೆ. ಆ ಬೌಲಿನವರು ಆಟದ ಜೊತೆಗೆ ಇನ್ನೊಂದನ್ನೂ ನೋಡುತ್ತಾರೆ: ಯಾವ ತಂಡದ ಜನ ದೂರದಿಂದ ಬಂದು ಹೋಟೆಲ್ ತುಂಬಿಸುತ್ತಾರೆ?

ಹಾಗಾದರೆ ಚಾಂಪಿಯನ್ ಯಾರು ಅಂತ ಎಲ್ಲಿ ತೀರ್ಮಾನ ಆಗುತ್ತದೆ?

ಪ್ಲೇಆಫ್‌ನಲ್ಲಿ, ಅಂದರೆ ಸೋತವರು ಹೊರಬೀಳುವ ಕೊನೆಯ ಸುತ್ತುಗಳಲ್ಲಿ. 2014ರ ಸೀಸನ್‌ನಿಂದ ನಾಲ್ಕು ತಂಡಗಳ ಪ್ಲೇಆಫ್ ಇತ್ತು, 2024ರಿಂದ 12 ತಂಡ. ಕಾನ್ಫರೆನ್ಸ್ ಗೆದ್ದವರಿಗೆ ಕೆಲವು ಜಾಗ ಮೀಸಲು, ಉಳಿದವರನ್ನು ಆಯ್ಕೆ ಸಮಿತಿ ಆರಿಸುತ್ತದೆ. ಮೊದಲ ಸುತ್ತು ಮೇಲಿನ ರ‍್ಯಾಂಕಿನ ತಂಡದ ಸ್ವಂತ ಮೈದಾನದಲ್ಲಿ. ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಆರು ದೊಡ್ಡ ಬೌಲ್‌ಗಳಲ್ಲಿ: ರೋಸ್, ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ, ಪೀಚ್.

12 ತಂಡಗಳ ಮೊದಲ ವರ್ಷವೇ ನಮ್ಮದಾಯಿತು. ಆ ವರ್ಷದ ಕಥೆ ಹೇಳಲೇಬೇಕು. 2024ರ ನವೆಂಬರ್ 30ರಂದು ರ‍್ಯಾಂಕೇ ಇಲ್ಲದ ಮಿಶಿಗನ್ ಕೈಲಿ, ನಮ್ಮ ಮನೆಯಂಗಳದಲ್ಲೇ, 13-10ರಿಂದ ಸೋತೆವು. ಊರಿಗೆ ಊರೇ ಮಂಕಾಗಿತ್ತು. ಕೋಚ್ ರಯನ್ ಡೇ ಅವರನ್ನು ತೆಗೆಯಿರಿ ಅನ್ನುವ ಕೂಗು ಜೋರಾಯಿತು. ಮೂರು ವಾರ ಕಳೆದ ಮೇಲೆ ಅದೇ ಮೈದಾನದಲ್ಲಿ ಟೆನಿಸೀ ವಿರುದ್ಧ 42-17. ರೋಸ್ ಬೌಲ್‌ನಲ್ಲಿ ಆರೆಗನ್ ವಿರುದ್ಧ 41-21. ಅಕ್ಟೋಬರ್‌ನಲ್ಲಿ ಇದೇ ಆರೆಗನ್ ನಮ್ಮನ್ನು ಒಂದು ಪಾಯಿಂಟ್‌ನಿಂದ ಸೋಲಿಸಿತ್ತು. ಕಾಟನ್ ಬೌಲ್‌ನಲ್ಲಿ ಟೆಕ್ಸಸ್ ವಿರುದ್ಧ 28-14. ಕೊನೆಗೆ 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ವಿರುದ್ಧ 34-23. ಹಳೆಯ ನಾಲ್ಕು ತಂಡದ ಪದ್ಧತಿ ಇದ್ದಿದ್ದರೆ ನಮಗೆ ಒಳಗೆ ಹೋಗುವ ಅವಕಾಶವೇ ಇರುತ್ತಿರಲಿಲ್ಲ.

ಒಂದು ನೋವಿನ ಮಾತೂ ಇದೆ. ರೋಸ್ ಬೌಲ್ ಅಂದರೆ ದಶಕಗಳ ಕಾಲ ಬಿಗ್ ಟೆನ್ ತಂಡಕ್ಕೂ ಪಶ್ಚಿಮ ಕರಾವಳಿಯ ಪ್ಯಾಕ್ ಅನ್ನುವ ಕಾನ್ಫರೆನ್ಸಿನ ತಂಡಕ್ಕೂ ನಡೆಯುವ ಆಟ. 2024ರಲ್ಲಿ ಆರೆಗನ್, ವಾಷಿಂಗ್ಟನ್, ಯುಸಿಎಲ್‌ಎ, ಯುಎಸ್‌ಸಿ ನಾಲ್ಕೂ ಬಿಗ್ ಟೆನ್ ಸೇರಿದವು. ಆಮೇಲಿನ ಆ ರೋಸ್ ಬೌಲ್‌ನಲ್ಲಿ ಎದುರಾದ ಎರಡೂ ತಂಡ ಬಿಗ್ ಟೆನ್‌ನವೇ. ಗೆದ್ದ ಖುಷಿಯಲ್ಲೂ ಅದು ಚುಚ್ಚುತ್ತಿತ್ತು.

ಐರನ್ ಬೌಲ್ ಯಾವ ಜನವರಿಯಲ್ಲಿ?

ಅದು ಜನವರಿಯ ಬೌಲ್ ಅಲ್ಲ. ಆಬರ್ನ್ ಮತ್ತು ಅಲಬಾಮಾ ಪ್ರತಿವರ್ಷ ನವೆಂಬರ್ ಕೊನೆಗೆ ಆಡುವ ಹಳೇ ಜಿದ್ದಿನ ಆಟಕ್ಕೆ ಆ ಹೆಸರು. ಮಿಸಿಸಿಪಿಯ ಎರಡು ತಂಡಗಳ ಎಗ್ ಬೌಲ್ ಕೂಡ ಹಾಗೇ. ಟಿಕೆಟ್ ತೆಗೆದುಕೊಳ್ಳುವವರು ಇನ್ನೊಂದು ನೋಡಿಕೊಳ್ಳಿ: ಈಗಿನ ಕಾಟನ್ ಬೌಲ್ ಆಟ ನಡೆಯುವುದು ಆರ್ಲಿಂಗ್ಟನ್‌ನಲ್ಲಿ, ಡಲ್ಲಸ್‌ನ ಕಾಟನ್ ಬೌಲ್ ಸ್ಟೇಡಿಯಂನಲ್ಲಿ ಅಲ್ಲ.

ರಿಕ್ರೂಟಿಂಗ್ ಅಂತ ವರ್ಷವಿಡೀ ಮಾತಾಡುತ್ತಾರಲ್ಲ, ಏನದು?

ಹೈಸ್ಕೂಲ್ ಹುಡುಗರನ್ನು ಕಾಲೇಜ್ ತಂಡಕ್ಕೆ ಸೇರಿಸಿಕೊಳ್ಳುವ ಕೆಲಸ. ದುಡ್ಡಿಗೆ ಆಡುವ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಡ್ರಾಫ್ಟ್ ಇದೆ, ತಂಡ ಆಟಗಾರನನ್ನು ಆರಿಸುತ್ತದೆ. ಕಾಲೇಜಿನಲ್ಲಿ ಹುಡುಗ ತಂಡವನ್ನು ಆರಿಸುತ್ತಾನೆ. ಅಲ್ಲೇ ಇರುವುದು ಎಲ್ಲ ಗಲಾಟೆಯ ಮೂಲ. ಕೋಚ್‌ಗಳು ಅವನ ಮನೆಗೆ ಹೋಗುತ್ತಾರೆ, ಅವನ ಅಮ್ಮನ ಜೊತೆ ಕೂತು ಊಟ ಮಾಡುತ್ತಾರೆ, ವಿಶ್ವವಿದ್ಯಾಲಯದ ಖರ್ಚಿನಲ್ಲಿ ಅವನನ್ನೂ ಮನೆಯವರನ್ನೂ ಕ್ಯಾಂಪಸ್‌ಗೆ ಕರೆಸುತ್ತಾರೆ. ಅವನ ಮೇಲೆ ಕಣ್ಣಿಡುವುದು ಮಾತ್ರ ಅವನು ಒಂಬತ್ತು, ಹತ್ತನೇ ಕ್ಲಾಸಿನಲ್ಲಿದ್ದಾಗಲೇ ಶುರುವಾಗುವುದುಂಟು.

ಉದಾಹರಣೆಗೆ ಜೆರಮಾಯಾ ಸ್ಮಿತ್. ದಕ್ಷಿಣ ಫ್ಲೋರಿಡಾದ ಹುಡುಗ, 2024ರ ಬ್ಯಾಚಿನಲ್ಲಿ ದೇಶದ ಮೊದಲ ಸಾಲಿನ ರಿಸೀವರ್ (ಎಸೆದ ಚೆಂಡು ಹಿಡಿದು ಓಡುವವನು). ಮನೆ ಹತ್ತಿರದ ಮಯಾಮಿ, ಫ್ಲೋರಿಡಾ ಸ್ಟೇಟ್ ಎರಡೂ ಕೊನೆಯವರೆಗೂ ಬಿಡಲಿಲ್ಲ. 2023ರ ಡಿಸೆಂಬರ್‌ನಲ್ಲಿ ಓಹಾಯೋ ಸ್ಟೇಟ್ ಅಂತ ಹೇಳಿದ ಮೇಲೂ ಸಹಿ ಮಾಡಿದ ಕಾಗದ ಗಂಟೆಗಟ್ಟಲೆ ಬರಲಿಲ್ಲ. ಅಂದು ಇಲ್ಲಿ ಯಾರಿಗೂ ಕೆಲಸ ಮಾಡಲು ಮನಸ್ಸಿರಲಿಲ್ಲ. ಒಂದು ವರ್ಷದ ನಂತರ ಅದೇ ಹುಡುಗ ರೋಸ್ ಬೌಲ್‌ನಲ್ಲಿ 187 ಗಜ, ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸುವುದು). ಫೈನಲ್‌ನ ಕೊನೆ ನಿಮಿಷಗಳಲ್ಲಿ ಆಟ ಮುಗಿಸಿದ 56 ಗಜದ ಕ್ಯಾಚ್ ಕೂಡ ಅವನದೇ. ಬೌಲ್ ಮಾತಾಡುವಾಗ ರಿಕ್ರೂಟಿಂಗ್ ಯಾಕೆ ನಡುವೆ ಬರುತ್ತದೆ ಅನ್ನುವುದಕ್ಕೆ ಇಷ್ಟು ಸಾಕು.

ಫೈವ್ ಸ್ಟಾರ್, ತ್ರೀ ಸ್ಟಾರ್ ಅಂತ ಕೊಡುವವರು ಯಾರು? ನಂಬಬಹುದಾ?

247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಥರದ ಸಂಸ್ಥೆಗಳು ಆಟದ ವೀಡಿಯೊ ಮತ್ತು ಕ್ಯಾಂಪ್ ನೋಡಿ ಕೊಡುತ್ತವೆ. ದೇಶದಲ್ಲೆಲ್ಲ ವರ್ಷಕ್ಕೆ ಸುಮಾರು ಮೂವತ್ತು ಹುಡುಗರಿಗೆ ಮಾತ್ರ ಐದು ಸ್ಟಾರ್. ಇಡೀ ತಂಡದ ಮಟ್ಟದಲ್ಲಿ ನೋಡಿದರೆ ಇದನ್ನು ನಂಬಬಹುದು. ನಾಲ್ಕು, ಐದು ಸ್ಟಾರ್ ಹುಡುಗರು ಅರ್ಧಕ್ಕಿಂತ ಜಾಸ್ತಿ ಇರುವ ತಂಡಗಳೇ ಕಳೆದ ದಶಕದ ಹೆಚ್ಚಿನ ಪ್ರಶಸ್ತಿ ಗೆದ್ದಿವೆ.

ಒಬ್ಬೊಬ್ಬ ಹುಡುಗನ ವಿಷಯಕ್ಕೆ ಬಂದರೆ ಅದು ಸಿಇಟಿ ರ‍್ಯಾಂಕ್ ಇದ್ದ ಹಾಗೆ. ಸೀಟು ಕೊಡಿಸುತ್ತದೆ, ಆಮೇಲಿನದನ್ನು ಅದು ಹೇಳುವುದಿಲ್ಲ. ಜಾಶ್ ಆಲನ್‌ಗೆ ಹೈಸ್ಕೂಲ್ ಮುಗಿದಾಗ ಯಾವ ದೊಡ್ಡ ತಂಡವೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಸಣ್ಣ ಜೂನಿಯರ್ ಕಾಲೇಜಿನಿಂದ ವಯೋಮಿಂಗ್‌ಗೆ ಹೋಗಿ, ಅಲ್ಲಿಂದ ಎನ್‌ಎಫ್‌ಎಲ್‌ನ ದೊಡ್ಡ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಆದರು. ಸ್ಟೆಟ್ಸನ್ ಬೆನೆಟ್ ಜಾರ್ಜಿಯಾಕ್ಕೆ ಸ್ಕಾಲರ್‌ಶಿಪ್ ಇಲ್ಲದೆ ಬಂದು 2021, 2022 ಎರಡೂ ಸೀಸನ್ ಚಾಂಪಿಯನ್ ಮಾಡಿಸಿದರು. ಹೀಗೆ ಸ್ಕಾಲರ್‌ಶಿಪ್ ಇಲ್ಲದೆ ಸೇರುವವರನ್ನು ವಾಕ್-ಆನ್ ಅನ್ನುತ್ತಾರೆ. ನನಗೆ ಅವರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ.

ಕಮಿಟ್ ಆದ ಹುಡುಗ ಸಹಿ ಮಾಡುವಾಗ ಬೇರೆ ಕಡೆ ಹೋದ. ಅದು ಹೇಗೆ?

ಕಮಿಟ್ ಅಂದರೆ ಬಾಯಿಮಾತು ಅಷ್ಟೇ. ಅದಕ್ಕೆ ಯಾವ ಕಟ್ಟುಪಾಡೂ ಇಲ್ಲ. ಹುಡುಗನೂ ಬದಲಿಸಬಹುದು, ಕೋಚ್ ಕೂಡ ಬದಲಿಸಬಹುದು. ಸಹಿ ಹಾಕಿದಾಗಲೇ ಲೆಕ್ಕ. ಮೊದಲು ಫೆಬ್ರವರಿಯ ಮೊದಲ ಬುಧವಾರವೇ ದೊಡ್ಡ ದಿನವಾಗಿತ್ತು. 2017ರಿಂದ ಡಿಸೆಂಬರ್‌ನಲ್ಲೂ ಸಹಿ ಮಾಡಬಹುದು, ಈಗ ಬಹುತೇಕ ಹುಡುಗರು ಆಗಲೇ ಮುಗಿಸುತ್ತಾರೆ. 2024ರಿಂದ ಅದು ಡಿಸೆಂಬರ್ ಮೊದಲ ವಾರಕ್ಕೇ ಬಂದಿದೆ. 1964ರಿಂದ ನಡೆದುಬಂದ ಲೆಟರ್ ಆಫ್ ಇಂಟೆಂಟ್ (ಈ ಕಾಲೇಜಿಗೇ ಸೇರುತ್ತೇನೆ ಅನ್ನುವ ಸಹಿಪತ್ರ) ಪದ್ಧತಿಯನ್ನೂ ಕಾಲೇಜ್ ಆಟಗಳ ಆಡಳಿತ ಸಂಸ್ಥೆ ಎನ್‌ಸಿಎಎ 2024ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿತು. ಈಗ ಆರ್ಥಿಕ ನೆರವಿನ ಒಪ್ಪಂದಕ್ಕೆ ನೇರವಾಗಿ ಸಹಿ.

ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿದವರಲ್ಲಿ ಟ್ರಾವಿಸ್ ಹಂಟರ್‌ನಷ್ಟು ದೊಡ್ಡ ಸುದ್ದಿ ಮಾಡಿದವರು ಕಡಿಮೆ. ದೇಶದ ನಂಬರ್ 1 ಹುಡುಗ. ಫ್ಲೋರಿಡಾ ಸ್ಟೇಟ್‌ಗೆ ಬಹಳ ಹಿಂದೆಯೇ ಮಾತು ಕೊಟ್ಟಿದ್ದ. 2021ರ ಡಿಸೆಂಬರ್‌ನಲ್ಲಿ, ಸಹಿ ದಿನವೇ, ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಸಣ್ಣ ಜ್ಯಾಕ್ಸನ್ ಸ್ಟೇಟ್ ಆರಿಸಿಕೊಂಡ. ಅಲ್ಲಿಯ ಕೋಚ್ ಡಿಯಾನ್ ಸ್ಯಾಂಡರ್ಸ್ ಹಿಂದೆಯೇ ಕೊಲರಾಡೋಗೆ ಹೋಗಿ 2024ರಲ್ಲಿ ವರ್ಷದ ಶ್ರೇಷ್ಠ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ.

ಹೀಗೆ ಮಾತು ಬದಲಿಸಿದ ಹುಡುಗನಿಗೆ ಬೈದು ಮೆಸೇಜ್ ಹಾಕುತ್ತಾರೆ. ತಪ್ಪಲ್ವಾ?

ತಪ್ಪು. ಖಂಡಿತ ತಪ್ಪು. ಅವನಿಗೆ ಹದಿನೇಳು ವರ್ಷ. ಹೊಗಳಿ ಬರೆಯುವುದೂ ಬೇಡ ಅನ್ನುತ್ತೇನೆ. ತಂಡಕ್ಕೆ ದುಡ್ಡು ಕೊಡುವ ಅಭಿಮಾನಿಗಳು ರಿಕ್ರೂಟ್‌ಗಳ ಮನ ಒಲಿಸಲು ಹೋದರೆ ಎನ್‌ಸಿಎಎ ನಿಯಮ ಮುರಿದ ಹಾಗೆ ಆಗಬಹುದು.

ದೊಡ್ಡವರು ಏನು ಮಾಡುತ್ತಾರೆ ಅಂತಲೂ ನೋಡಿ. 2025ರ ನವೆಂಬರ್ ಕೊನೆಗೆ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯದ ತಂಡ) 11 ಗೆದ್ದು ಪ್ಲೇಆಫ್ ಬಾಗಿಲಲ್ಲಿ ನಿಂತಿತ್ತು. ಆಗಲೇ ಕೋಚ್ ಲೇನ್ ಕಿಫಿನ್ ಪಕ್ಕದ ರಾಜ್ಯದ ತಂಡ ಎಲ್‌ಎಸ್‌ಯುಗೆ ಹೊರಟರು. ಪ್ಲೇಆಫ್ ಎದುರಿಗಿರುವಾಗ ಕೋಟಿಗಟ್ಟಲೆ ಸಂಬಳದ ಕೋಚ್ ತಂಡ ಬಿಡಬಹುದು ಅಂದರೆ, ಇನ್ನೂ ಕಾಲೇಜಿಗೆ ಕಾಲಿಡದ ಹುಡುಗ ತನ್ನ ನಾಲ್ಕು ವರ್ಷದ ಬಗ್ಗೆ ಮನಸ್ಸು ಬದಲಿಸಬಾರದೇ? ನಮ್ಮ ಬೇಸರ ನಮ್ಮಲ್ಲೇ ಇರಲಿ. ಅವನ ಫೋನಿಗೆ ಹೋಗುವುದು ಬೇಡ.

ಟ್ರಾನ್ಸ್‌ಫರ್ ಪೋರ್ಟಲ್ ಅಂದರೆ?

ಕಾಲೇಜ್ ಬದಲಿಸಲು ಬಯಸುವ ಆಟಗಾರ ತನ್ನ ಹೆಸರು ಹಾಕುವ ಪಟ್ಟಿ. 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಮೊದಲೆಲ್ಲ ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಒಂದು ಸಲ ಕೂರದೇ ಹೋಗಬಹುದಿತ್ತು, 2024ರಿಂದ ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಸರಿ.

ನಮಗೆ ಇದರಿಂದ ಲಾಭವೇ ಆಗಿದೆ. ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ ಬಂದವರು, ಕೇಲೆಬ್ ಡೌನ್ಸ್ ಅಲಬಾಮಾದಿಂದ. ಬೌಲ್ ಆಟಗಳಿಗೆ ಮಾತ್ರ ಪೆಟ್ಟು ಬಿತ್ತು, ಯಾಕೆಂದರೆ ಪೋರ್ಟಲ್ ತೆರೆಯುತ್ತಿದ್ದುದು ಡಿಸೆಂಬರ್‌ನಲ್ಲಿ. 2024ರಲ್ಲಿ ಪೆನ್ ಸ್ಟೇಟ್‌ನ ಎರಡನೇ ಕ್ವಾರ್ಟರ್‌ಬ್ಯಾಕ್ ಪ್ಲೇಆಫ್ ಶುರುವಾಗುವ ಮುಂಚೆಯೇ ಹೋಗಬೇಕಾಯಿತು. ತಡ ಮಾಡಿದರೆ ಬೇರೆ ಕಡೆ ಜಾಗ ಇರುವುದಿಲ್ಲ. ಅದೇ ತಿಂಗಳು ಮಾರ್ಷಲ್ ತಂಡದ ಕೋಚ್ ಬೇರೆ ಕೆಲಸಕ್ಕೆ ಹೋದರು, ಹಿಂದೆಯೇ ಆಟಗಾರರು ಪೋರ್ಟಲ್‌ಗೆ ಹೋದರು, ಆಡಲು ಜನವೇ ಸಾಲದೆ ತಂಡ ಇಂಡಿಪೆಂಡೆನ್ಸ್ ಬೌಲ್ ಕೈಬಿಟ್ಟಿತು. ಅವರ ಬದಲು ಐದೇ ಗೆದ್ದಿದ್ದ ಲೂಸಿಯಾನಾ ಟೆಕ್ ಬಂತು. 2026ರಲ್ಲಿ ಪೋರ್ಟಲ್ ತೆರೆಯುವುದನ್ನು ಜನವರಿ 2ರಿಂದ 16ರವರೆಗಿನ ಒಂದೇ ಅವಧಿಗೆ ಇಳಿಸಿದರು. ಮೊದಲಿಗಿಂತ ಎಷ್ಟೋ ವಾಸಿ.

ಆಟಗಾರರಿಗೆ ದುಡ್ಡು ಸಿಗುತ್ತದಾ?

ಸಿಗುತ್ತದೆ. 2021ರ ಜುಲೈ 1ರಿಂದ ಜಾಹೀರಾತು, ಹೆಸರು, ಮುಖದಿಂದ ಗಳಿಸಬಹುದು. ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ 2025ರ ಜುಲೈನಿಂದ ವಿಶ್ವವಿದ್ಯಾಲಯವೇ ನೇರವಾಗಿ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಆಟಗಳೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟದಲ್ಲಿ ಮೊಣಕಾಲು ಪಣಕ್ಕಿಡುವವನಿಗೆ ಪಾಲು ಸಿಗಬೇಕಾದ್ದೇ.

ಆರೋಗ್ಯವಾಗಿರುವ ಆಟಗಾರ ಬೌಲ್ ಆಡಲ್ಲ ಅಂತಾನಲ್ಲ, ತಂಡಕ್ಕೆ ಮೋಸ ಅಲ್ಲವಾ?

ಜೇಲನ್ ಸ್ಮಿತ್ ಹೆಸರು ಕೇಳಿದ್ದೀರಾ? ನೋಟರ್ ಡೇಮ್‌ನ ಲೈನ್‌ಬ್ಯಾಕರ್, ಅಂದರೆ ಎದುರಾಳಿಯನ್ನು ತಡೆಯುವ ಆಟಗಾರ. ಡ್ರಾಫ್ಟ್‌ನಲ್ಲಿ ಮೊದಲ ಕೆಲವೇ ಹೆಸರುಗಳಲ್ಲಿ ಬರಬೇಕಿತ್ತು. 2016ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ, ನಮ್ಮ ಓಹಾಯೋ ಸ್ಟೇಟ್ ವಿರುದ್ಧವೇ, ಮೊಣಕಾಲಿನ ಎರಡು ಲಿಗಮೆಂಟ್ ಹರಿದವು. ಎರಡನೇ ಸುತ್ತಿಗೆ ಜಾರಿದರು, ಮೊದಲ ವರ್ಷ ಪೂರ್ತಿ ಆಡಲಾಗಲಿಲ್ಲ, ಕೋಟಿಗಟ್ಟಲೆ ಡಾಲರ್ ಕೈತಪ್ಪಿತು. ಅದೇ ವರ್ಷದ ಕೊನೆಗೆ ಕ್ರಿಸ್ಚಿಯನ್ ಮೆಕ್ಯಾಫ್ರಿ, ಲೆನಾರ್ಡ್ ಫೋರ್ನೆಟ್ ಬೌಲ್ ಬಿಟ್ಟರು. ಆಮೇಲೆ ಇದು ಮಾಮೂಲಾಯಿತು.

ಆಟಕ್ಕೆ ಇದರಿಂದ ನಷ್ಟ ಇದೆ. 2023ರಲ್ಲಿ ಫ್ಲೋರಿಡಾ ಸ್ಟೇಟ್ 13 ಆಡಿ 13 ಗೆದ್ದರೂ ಪ್ಲೇಆಫ್‌ಗೆ ಆರಿಸಲಿಲ್ಲ. ಆರೆಂಜ್ ಬೌಲ್‌ಗೆ ಅರ್ಧಂಬರ್ಧ ತಂಡ ಬಂತು, ಜಾರ್ಜಿಯಾ 63-3ರಿಂದ ಹೊಡೆಯಿತು. ಆದರೂ ಆ ಹುಡುಗರನ್ನು ನಾನು ದೂರುವುದಿಲ್ಲ. ಅಜೇಯ ತಂಡವನ್ನು ಹೊರಗಿಟ್ಟವರು ಅವರಲ್ಲ.

ಪ್ಲೇಆಫ್‌ಗೆ ಸೇರದ ಬೌಲ್ ನೋಡಿ ಏನು ಪ್ರಯೋಜನ?

ನೋಡಿ. ದಯವಿಟ್ಟು ನೋಡಿ. ನನಗೆ ಇಡೀ ಪುಟದಲ್ಲಿ ಮುಖ್ಯವಾಗಿ ಹೇಳಬೇಕಿರುವುದೇ ಇದು. ಈಗಿನ ಕಾಲದಲ್ಲಿ ತಂಡ ಒಂದೇ ವರ್ಷದ್ದು. ಜನವರಿಯಲ್ಲಿ ಅರ್ಧ ಜನ ಪೋರ್ಟಲ್‌ಗೆ, ಸೀನಿಯರ್‌ಗಳು ಮನೆಗೆ, ಕೋಚ್ ಇನ್ನೆಲ್ಲಿಗೋ. ಆ ಹೆಸರುಗಳು ಒಟ್ಟಿಗೆ ಮೈದಾನಕ್ಕೆ ಇಳಿಯುವ ಕೊನೆಯ ಆಟ ಬೌಲ್. ಎನ್‌ಎಫ್‌ಎಲ್ ಸೇರದ ಬಹುಪಾಲು ಹುಡುಗರಿಗೆ ಬದುಕಿನ ಕೊನೆಯ ಫುಟ್‌ಬಾಲ್ ಆಟವೂ ಅದೇ.

ರಿಕ್ರೂಟಿಂಗ್ ಇಷ್ಟಪಡುವವರಿಗೆ ಇನ್ನೊಂದು ಕಾರಣವೂ ಇದೆ. ಬೌಲ್ ಸಿಕ್ಕ ತಂಡಕ್ಕೆ ಕೆಲವು ವಾರ ಹೆಚ್ಚಿನ ಪ್ರಾಕ್ಟೀಸ್ ಸಿಗುತ್ತದೆ. ದೊಡ್ಡವರು ಹೊರಟಿರುತ್ತಾರೆ. ಎರಡು ವರ್ಷದ ಹಿಂದೆ ನಾವು ಹೆಸರು ಹಿಡಿದು ಚರ್ಚಿಸಿದ ಹುಡುಗ ಮೊದಲ ಸಲ ಪೂರ್ತಿ ಆಟ ಆಡುವುದು ಇಲ್ಲೇ.

ಮಜಾ ಕೂಡ ಕಡಿಮೆ ಏನಿಲ್ಲ. ಶಾರ್ಲೆಟ್‌ನಲ್ಲಿ ಮೇಯೋ ಕಂಪನಿಯ ಬೌಲ್ ಇದೆ, ಗೆದ್ದ ಕೋಚ್ ತಲೆ ಮೇಲೆ ಮೇಯನೇಸ್ ಸುರಿಯುತ್ತಾರೆ. ಒರ್ಲ್ಯಾಂಡೊದ ಪಾಪ್-ಟಾರ್ಟ್ಸ್ ಬೌಲ್‌ನಲ್ಲಿ ಗೆದ್ದವರು ತಿನ್ನಬಹುದಾದ ಮ್ಯಾಸ್ಕಾಟನ್ನೇ (ಬೌಲ್‌ನ ಗುರುತಿನ ಗೊಂಬೆ) ತಿನ್ನುತ್ತಾರೆ. ಬಾಯ್ಸಿಯ ಆಲೂಗಡ್ಡೆ ಬೌಲ್ ನಡೆಯುವುದು ನೀಲಿ ಬಣ್ಣದ ಮೈದಾನದಲ್ಲಿ.

ನಮ್ಮ ಮಗ ಇಲ್ಲಿ ಹೈಸ್ಕೂಲ್‌ನಲ್ಲಿದ್ದಾನೆ, ಚೆನ್ನಾಗಿ ಆಡುತ್ತಾನೆ. ಏನು ಮಾಡಬೇಕು?

ಮೊದಲು ಓದು. ಕಾಲೇಜ್ ಆಟದ ಮೇಲಿನ ಮಟ್ಟವಾದ ಡಿವಿಷನ್ 1ಕ್ಕೆ 16 ಮುಖ್ಯ ಕೋರ್ಸ್ ಬೇಕು, ಅವುಗಳಲ್ಲಿ ಜಿಪಿಎ (ಗ್ರೇಡ್‌ಗಳ ಸರಾಸರಿ) ಕನಿಷ್ಠ 2.3. ಅದರಲ್ಲಿ 10 ಕೋರ್ಸ್ ಕೊನೆಯ ವರ್ಷಕ್ಕೆ ಮುಂಚೆಯೇ ಮುಗಿದಿರಬೇಕು. ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಿ. ಆಟದ ತುಣುಕುಗಳ ಚಿಕ್ಕ ವೀಡಿಯೊ ಮಾಡಿ ಕೋಚ್‌ಗಳಿಗೆ ಅವನೇ ಬರೆಯಲಿ, ನೀವು ಬರೆಯಬೇಡಿ. ಸ್ಕಾಲರ್‌ಶಿಪ್ ಕೊಡಿಸುತ್ತೇವೆ ಅಂತ ಮೊದಲೇ ಸಾವಿರಾರು ಡಾಲರ್ ಕೇಳುವವರಿಂದ ದೂರ ಇರಿ. ಡಿವಿಷನ್ 3 ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ, ಆದರೆ ಓದಿಗೆ ಸಿಗುವ ನೆರವು ಚೆನ್ನಾಗಿರುತ್ತದೆ.

ಟೆನಿಸ್, ಈಜು, ಗಾಲ್ಫ್ ಆಡುವ ಮಕ್ಕಳಿಗೂ ಈ ಮಾತುಗಳೇ. ಭಾರತದಿಂದ ಎಫ್-1 ವೀಸಾದಲ್ಲಿ ಬರುವವರು ಜಾಹೀರಾತಿನ ದುಡ್ಡು ಮುಟ್ಟುವ ಮುಂಚೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಲೇಬೇಕು. ಆ ವೀಸಾದಲ್ಲಿ ಕೆಲಸದ ನಿಯಮ ತುಂಬ ಬಿಗಿ, ವೀಸಾನೇ ಹೋಗಬಹುದು.

ಬೌಲ್ ನೋಡಲು ಹೋಗುವಾಗ ಏನು ಗಮನಿಸಬೇಕು? ಊರಲ್ಲಿರುವವರು ಎಷ್ಟು ಗಂಟೆಗೆ ಎದ್ದೇಳಬೇಕು?

ಟಿಕೆಟ್ ಮೊದಲು ನಿಮ್ಮ ವಿಶ್ವವಿದ್ಯಾಲಯದ ಮೂಲಕ ಕೇಳಿ, ಪ್ರತಿ ತಂಡಕ್ಕೂ ಒಂದಷ್ಟು ಮೀಸಲಿರುತ್ತದೆ, ನಮ್ಮವರ ಮಧ್ಯೆಯೇ ಕೂರಬಹುದು. ಸಣ್ಣ ಬೌಲ್‌ಗಳ ಟಿಕೆಟ್ ಆಟ ಹತ್ತಿರವಾದಂತೆ ಅಗ್ಗವಾಗುವುದೇ ಜಾಸ್ತಿ, ಪ್ಲೇಆಫ್‌ಗೆ ಆ ಆಸೆ ಬೇಡ. ಸ್ಟೇಡಿಯಂ ಒಳಗೆ ಪಾರದರ್ಶಕ ಚೀಲ ಮಾತ್ರ ಬಿಡುತ್ತಾರೆ. ಸಸ್ಯಾಹಾರಿಗಳು ಹೊರಗೆ ಪಾರ್ಕಿಂಗ್‌ನಲ್ಲೇ ಪುಳಿಯೋಗರೆ, ಚಪಾತಿ ಮುಗಿಸಿಕೊಂಡು ಹೋಗಿ. ಆಟಕ್ಕೆ ಮುಂಚೆ ಕಾರಿನ ಹಿಂದೆ ಮೇಜು ಹಾಕಿ ಊಟ ಮಾಡುವುದು ಇಲ್ಲಿಯ ಪದ್ಧತಿಯೇ. ಪಕ್ಕದವರಿಗೂ ಒಂದು ತಟ್ಟೆ ಕೊಡಿ, ಎದುರಾಳಿ ಕಡೆಯವರಾದರೂ ಪರವಾಗಿಲ್ಲ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ನೋಡುವವರಿಗೆ ರೋಸ್ ಬೌಲ್ ಅಂದರೆ ಜನವರಿ 2ರ ಬೆಳಗಿನ ಜಾವ. 2026ರಿಂದ ಆಟ ಒಂದು ಗಂಟೆ ಮುಂಚೆ ಶುರುವಾಗುತ್ತಿದೆ, ಪ್ಯಾಸಡೀನಾದಲ್ಲಿ ಮಧ್ಯಾಹ್ನ 1 ಗಂಟೆ ಅಂದರೆ ನಿಮಗೆ ರಾತ್ರಿ 2.30. ಒಂದು ಆಟ ಮೂರೂವರೆ ಗಂಟೆ ಹಿಡಿಯುತ್ತದೆ, ಮುಗಿಯುವಷ್ಟರಲ್ಲಿ ಹಾಲಿನವನು ಬಂದಿರುತ್ತಾನೆ.